ಒಂದೇ ಬಣ್ಣದ ಎರಡು ಟ್ರಕ್ಕು

ನಮ್ಮತ್ತೆಗೆ ಭೇದಭಾವ ಅಂದರೆ ಆಗುವುದಿಲ್ಲ. ಇದನ್ನು ಹೊಗಳಿಕೆ ಅಂತ ತಿಳಿಯಬೇಡಿ. ದೊಡ್ಡ ಸೊಸೆಗೆ ಒಂದು ಕೊಡೆ ತಂದರೆ ಚಿಕ್ಕ ಸೊಸೆಗೂ ಅದೇ ಕೊಡೆ, ಅದೇ ಹಿಡಿ, ಅದೇ ಹೂವಿನ ಚಿತ್ರ. ಬೆಡ್‌ಶೀಟು, ಟಾರ್ಚು, ಟಿಫಿನ್ ಡಬ್ಬಿ ಎಲ್ಲವೂ ಜೋಡಿ ಜೋಡಿ. ಒಂದು ಸಲ ಇಬ್ಬರಿಗೂ ಒಂದೇ ಅಳತೆಯ ಚಪ್ಪಲಿ ತಂದರು. ನನ್ನ ವಾರಗಿತ್ತಿಯ ಕಾಲಿಗಿಂತ ನನ್ನ ಕಾಲು ಎರಡು ಸೈಜು ಚಿಕ್ಕದು. ಹಾಗಂತ ಹೇಳಿದರೆ, "ನಿನಗೆ ಚಿಕ್ಕದು ತಂದ್ರೆ ನಾಳೆ ನೀನೇ ಅಂತೀಯ, ನನಗೆ ಮಾತ್ರ ಚಿಕ್ಕದು ತಂದ್ರು ಅಂತ" ಎಂದರು. ನಾನು ಈ ಮನೆಗೆ ಬಂದು ಹನ್ನೊಂದು ವರ್ಷವಾಯಿತು. ಇದು ನನ್ನದು, ನನ್ನೊಬ್ಬಳದು ಎಂದು ಬೆರಳು ತೋರಿಸಿ ಹೇಳುವಂಥ ಒಂದು ವಸ್ತುವೂ ನನ್ನ ಹತ್ತಿರ ಇರಲಿಲ್ಲ. ಕಟ್ಟಿಕೊಂಡ ಗಂಡ ಕೂಡ ಅವರಣ್ಣನ ಪಡಿಯಚ್ಚು.

ಟ್ರಕ್ಕುಗಳನ್ನು ಮನೆಗೆ ತಂದವರು ಆ ಅಣ್ಣತಮ್ಮಂದಿರೇ. ನಿಜವಾದ ಟ್ರಕ್ಕಲ್ಲ, ಅದರ ಹತ್ತರಲ್ಲೊಂದು ಪಾಲು. ಒಂದು ಮೊಳಕ್ಕಿಂತ ತುಸು ಉದ್ದ, ಹೊಟ್ಟೆಯಲ್ಲಿ ಬ್ಯಾಟರಿ, ದಪ್ಪ ದಪ್ಪ ಚಕ್ರ, ಹಿಂದೆ ಮಣ್ಣು ತಡೆಯಲು ರಬ್ಬರಿನ ತುಂಡು. ಕೈಯಲ್ಲಿ ಪಿಸ್ತೂಲಿನ ಆಕಾರದ ರಿಮೋಟು; ಟ್ರಿಗರ್ ಒತ್ತಿದರೆ ಓಡುತ್ತದೆ, ಮುಂದಕ್ಕೆ ತಳ್ಳಿದರೆ ಬ್ರೇಕು, ಪಕ್ಕದ ಪುಟ್ಟ ಚಕ್ರ ತಿರುಗಿಸಿದರೆ ತಿರುಗುತ್ತದೆ. ಮಣ್ಣಿನ ದಿಬ್ಬ ಹತ್ತಿ ಹಾರಿ ಧಡ್ ಅಂತ ಇಳಿದು ಮತ್ತೆ ಓಡುವುದನ್ನು ಒಮ್ಮೆ ನೋಡಿದರೆ ಮುಗಿಯಿತು, ಆ ಹುಚ್ಚು ಬಿಡುವುದಿಲ್ಲ. ಗಂಡಸರಿಬ್ಬರಿಗೆ ಮಾತ್ರ ಅದು ಎರಡೇ ತಿಂಗಳಲ್ಲಿ ಬಿಟ್ಟಿತು. ಅವರು ಸೋಫಾ ಸೇರಿದರು, ರಿಮೋಟುಗಳು ನಮ್ಮ ಕೈ ಸೇರಿದವು.

ಅತ್ತೆ ಮೂವತ್ತು ವರ್ಷ ಲಾರಿ, ಬಸ್ಸು, ಅಂಗಡಿ ಶಟರುಗಳ ಮೇಲೆ ಅಕ್ಷರ ಬರೆದವರು. ನಮ್ಮ ಟ್ರಕ್ಕುಗಳ ಮೇಲ್ಮೈ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ಕು. ಬಣ್ಣ ಒಳಗಡೆಯಿಂದ ಹಚ್ಚಬೇಕು, ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ಉಲ್ಟಾ. "ಇದೊಂದು ಹೊಸದಾಗಿದೆಯಲ್ಲ" ಎಂದು ಅತ್ತೆ ಕುಂಚ ತೊಳೆದು ಕುಳಿತರು. ನೀಲಿ ಮೈ, ಬದಿಗೆ ಹಳದಿ ಜ್ವಾಲೆ. ಎಷ್ಟು ಚೆಂದ ಅಂದರೆ ನನಗೆ ಅಳು ಬರುವಷ್ಟು. ಎರಡನೆಯದನ್ನೂ ನೋಡಿದಾಗ ನಿಜವಾಗಿಯೂ ಅಳು ಬಂತು. ಜ್ವಾಲೆಯ ಒಂದೊಂದು ನಾಲಿಗೆಯೂ ಅಲ್ಲಲ್ಲೇ, ಎಳ್ಳಷ್ಟೂ ವ್ಯತ್ಯಾಸವಿಲ್ಲ.

ಪ್ರತಿ ಭಾನುವಾರ ಮುಚ್ಚಿಹೋದ ನೂಲಿನ ಗಿರಣಿಯೊಂದರ ಹಿಂದಿನ ಅಂಗಳದಲ್ಲಿ ರೇಸು. ಕೆಂಪು ಜೇಡಿಮಣ್ಣಿನ ದಾರಿ, ಅಂಚಿಗೆ ಪ್ಲಾಸ್ಟಿಕ್ ಪೈಪು, ಒಂದು ಬದಿಯಲ್ಲಿ ಆಳೆತ್ತರದ ಕಬ್ಬಿಣದ ಅಟ್ಟ. ಓಡಿಸುವವರೆಲ್ಲ ಆ ಅಟ್ಟದ ಮೇಲೆ ಸಾಲಾಗಿ ನಿಲ್ಲಬೇಕು. ಎಲ್ಲ ನಡೆಸುವವರು ಪೀಟಿ ಮೇಷ್ಟ್ರು. ಶಾಲೆಯಿಂದ ನಿವೃತ್ತರಾಗಿ ಬಹಳ ದಿನವಾದರೂ ಕೊರಳಿನ ವಿಸಿಲ್ಲು ಇಳಿಸಿಲ್ಲ. ನಮ್ಮ ಟ್ರಕ್ಕುಗಳನ್ನು ನೋಡಿದ ಮೊದಲ ದಿನವೇ ಅವರು, "ಇದು ಆಗೋದಲ್ಲ ಹೋಗೋದಲ್ಲ, ಒಬ್ಬರು ಬಣ್ಣ ಬದಲಾಯಿಸಿ" ಎಂದರು.

"ಅವಳು ಬದಲಾಯಿಸಲಿ" ಎಂದಳು ಅಕ್ಕ. ಅಕ್ಕ ಅಂದರೆ ನನ್ನ ವಾರಗಿತ್ತಿ, ಭಾವನ ಹೆಂಡತಿ.

"ನಾನ್ಯಾಕೆ ಬದಲಾಯಿಸಲಿ?" ಎಂದೆ ನಾನು.

ಹಾಗಾಗಿ ಗುರುತಿಗೆ ಉಳಿದದ್ದು ಟ್ರಕ್ಕಿನ ಮಾಡಿನ ಮೇಲಿನ ನಂಬರು ಮಾತ್ರ. ಅವಳದು 3, ನನ್ನದು 8. ಎರಡು ಸುತ್ತು ಓಡಿ ಧೂಳು ಮೆತ್ತಿದರೆ ಮೂರು ಯಾವುದು ಎಂಟು ಯಾವುದು ಅಂತ ದೇವರಿಗೂ ಗೊತ್ತಾಗುವುದಿಲ್ಲ. ಗುರುತಿಗಿರಲಿ ಎಂದು ನಾನು ಮಾಡಿಗೆ ಒಂದು ಕೆಂಪು ಟೇಪು ಅಂಟಿಸಿದೆ. ಮುಂದಿನ ಭಾನುವಾರ ನೋಡಿದರೆ ಅಕ್ಕನ ಟ್ರಕ್ಕಿಗೂ ಕೆಂಪು ಟೇಪು. "ಸುರುಳಿ ಅಲ್ಲೇ ಬಿದ್ದಿತ್ತು, ಅವಳದ್ದಕ್ಕೂ ಒಂದು ತುಂಡು ಹಾಕ್ದೆ" ಎಂದರು ಅತ್ತೆ. ನಾನು ಹಲ್ಲು ಕಡಿದುಕೊಂಡೆ.

ಹಲ್ಲು ನನ್ನ ಕಸುಬೂ ಹೌದು. ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ನನ್ನ ಕೆಲಸ. ಒಂದು ದವಡೆ ಹಲ್ಲು ಕೂದಲಿನಷ್ಟು ಎತ್ತರವಾದರೂ ಹಾಕಿಕೊಂಡವರು ಮರುದಿನ ಬಂದು ಬೈಯುತ್ತಾರೆ. ಆ ಅಭ್ಯಾಸದಿಂದ ನನ್ನ ಟ್ರಕ್ಕಿನ ಒಂದೊಂದು ಸ್ಕ್ರೂ ಕೂಡ ನನಗೆ ಗೊತ್ತು. ಶಾಕ್ ಅಬ್ಸಾರ್ಬರಿನ ಎಣ್ಣೆಯನ್ನು ಹನಿ ಎಣಿಸಿ ಹಾಕುತ್ತೇನೆ, ಗೇರಿನ ಹಲ್ಲುಗಳ ನಡುವೆ ಕಾಗದ ಇಟ್ಟು ಅಂತರ ನೋಡುತ್ತೇನೆ. ಅಕ್ಕ ಶಾಲೆಯ ಮಕ್ಕಳ ವ್ಯಾನು ಓಡಿಸುತ್ತಾಳೆ. ಅವಳ ಪ್ರಕಾರ ಗಾಡಿ ಅಂದಮೇಲೆ ಓಡಬೇಕು, ನಿಲ್ಲಬೇಕು, ಅಷ್ಟೆ. ಹಳೆಯ ಟೂತ್‌ಬ್ರಷ್ಷಿನಿಂದ ಮಣ್ಣು ಉದುರಿಸಿದರೆ ಅವಳ ರಿಪೇರಿ ಮುಗಿಯಿತು. ಆದರೂ ಗೆಲ್ಲುವವಳು ಅವಳೇ. ನಾಲ್ಕು ವರ್ಷದಿಂದ ನಾನು ಗಂಡನ ಹತ್ತಿರ ಹೇಳುತ್ತಲೇ ಇದ್ದೆ, "ಅವಳ ಗಾಡಿಯೇ ಹುಟ್ಟಾ ಚೆನ್ನಾಗಿದೆ, ನನ್ನ ಪಾಲಿಗೆ ಬಂದದ್ದು ಡಬ್ಬಾ." ಅವರು ಸೋಫಾದಿಂದಲೇ "ಹೂಂ" ಅನ್ನುತ್ತಿದ್ದರು.

ನಾನೀಗ ಹೇಳುತ್ತಿರುವ ಭಾನುವಾರ ವರ್ಷದ ಕೊನೆಯ ರೇಸು. ಪ್ರತಿ ವರ್ಷ ಈ ಕೊನೆಯ ರೇಸಿನ ಎ ಫೈನಲಿನಲ್ಲಿ, ಅಂದರೆ ಮುಖ್ಯ ಓಟದಲ್ಲಿ, ಓಡಿಸುವ ಹತ್ತು ಮಂದಿಯ ಹೆಸರನ್ನು ಶೆಡ್ಡಿನ ಗೋಡೆಯ ಕಪ್ಪು ಹಲಗೆಯ ಮೇಲೆ ಬರೆಯುತ್ತಾರೆ. ಕ್ಲಬ್ಬಿನಲ್ಲಿ ಕರೆಯುವ ಅಡ್ಡಹೆಸರೇ ಹಲಗೆಯ ಮೇಲೂ ಹೋಗುತ್ತದೆ. ಬರೆಯುವ ಕೈ ಇನ್ಯಾರದು, ನಮ್ಮತ್ತೆಯದೇ. ಬಿಳಿ ಬಣ್ಣ, ಗುಂಡು ಗುಂಡಾದ ಅಕ್ಷರ, ನೆರಳು ಬೇರೆ. 'ದೊಡ್ಡವಳು' ಎಂದು ಆ ಹಲಗೆಯ ಮೇಲೆ ಎರಡು ಕಡೆ ಇದೆ. 'ಚಿಕ್ಕವಳು' ಎಲ್ಲೂ ಇಲ್ಲ. ನಾಲ್ಕು ವರ್ಷದಿಂದ ಶೆಡ್ಡಿಗೆ ಹೋದಾಗಲೆಲ್ಲ ನಾನು ಆ ಹಲಗೆ ನೋಡದ ಹಾಗೆ ನೋಡುತ್ತಿದ್ದೆ. ಒಂದು ಸಲ, ಒಂದೇ ಒಂದು ಸಲ, ಅತ್ತೆಯ ಕುಂಚ ನನ್ನೊಬ್ಬಳಿಗಾಗಿ ಆಡಬೇಕು. ಜೋಡಿಯಲ್ಲಲ್ಲ. ನನಗೆ ಬೇಕಾಗಿದ್ದುದು ಅಷ್ಟೇ.

ಒಂಬತ್ತು ಮಂದಿ ನೇರವಾಗಿ ಎ ಫೈನಲಿಗೆ ಹೋಗುತ್ತಾರೆ. ಹತ್ತನೆಯ ಜಾಗ, ಹಿಂದುಳಿದವರು ಓಡಿಸುವ ಬಿ ಫೈನಲ್ ಗೆದ್ದವರಿಗೆ. ಬೆಳಗಿನ ಸುತ್ತುಗಳಲ್ಲಿ ಅಕ್ಕನ ಬ್ಯಾಟರಿ ಕೈಕೊಟ್ಟಿತು, ನಾನು ಎಂದಿನಂತೆ ಆತುರಪಟ್ಟು ಎರಡು ಸಲ ಮಗುಚಿದೆ. ಇಬ್ಬರೂ ಬಿ ಫೈನಲಿಗೆ ಬಿದ್ದೆವು. ಪಟ್ಟಿ ಅಂಟಿಸಿದಾಗ ಅಕ್ಕ ನನ್ನ ಕಡೆ ನೋಡಿ ನಕ್ಕಳು. ನನಗೆ ನಗು ಬರಲಿಲ್ಲ.

ಅಟ್ಟ ಹತ್ತಿದೆವು. ನನ್ನ ಎಡಕ್ಕೆ ಅಕ್ಕ, ಬಲಕ್ಕೆ ಗಡ್ಡ. ಗಡ್ಡ ಕ್ಷೌರದಂಗಡಿಯವನು; ಊರಿಗೆಲ್ಲ ನುಣ್ಣಗೆ ಬೋಳಿಸಿ ತಾನು ಮಾತ್ರ ಎದೆಯವರೆಗೆ ಬಿಟ್ಟಿದ್ದಾನೆ. ಕೆಳಗೆ, ಬೇಲಿಯಾಚೆ, ಮಡಚುವ ಕುರ್ಚಿಯಲ್ಲಿ ಅತ್ತೆ. ತೊಡೆಯ ಮೇಲೆ ಒಂದೇ ತರಹದ ಎರಡು ಫ್ಲಾಸ್ಕು.

"ಸಿದ್ಧ!" ಎಂದರು ಮೇಷ್ಟ್ರು ಮೈಕಿನಲ್ಲಿ. ಆಮೇಲೆ ಕಿವಿ ಸೀಳುವ ಪೀಂ.

ಹತ್ತು ಟ್ರಕ್ಕುಗಳೂ ಒಟ್ಟಿಗೆ ಮಣ್ಣು ಉಗುಳಿಕೊಂಡು ನುಗ್ಗಿದವು. ಎಲೆಕ್ಟ್ರಿಕ್ ಮೋಟರುಗಳಿಗೆ ಗುಡುಗಿಲ್ಲ, ಬರೀ ಸಿಳ್ಳು. ಹತ್ತು ಸಿಳ್ಳು ಸೇರಿದಾಗ ನನ್ನ ಬೆನ್ನಹುರಿಯಲ್ಲಿ ಚಳಿ ಹರಿಯುತ್ತದೆ, ಇಂದಿಗೂ. ಮೊದಲ ತಿರುವಿನಲ್ಲಿ ನಾಲ್ಕು ಟ್ರಕ್ಕು ಒಂದರ ಮೇಲೊಂದು ಬಿದ್ದವು. ಅಕ್ಕ ಪಕ್ಕದಿಂದ ಜಾರಿದಳು, ಅವಳ ಬಾಲ ಹಿಡಿದು ನಾನೂ ಜಾರಿದೆ. ಎರಡನೇ ಸುತ್ತಿಗೆ ಅವಳು ಮೊದಲು, ನಾನು ಎರಡನೆಯವಳು, ಕಾಲು ಸುತ್ತು ಹಿಂದೆ ಗಡ್ಡ.

ಆರು ನಿಮಿಷದ ರೇಸು. ಮೂರು ನಿಮಿಷ, ನಾಲ್ಕು ನಿಮಿಷ, ಎರಡು ನೀಲಿ ಟ್ರಕ್ಕುಗಳು ಒಂದರ ಹಿಂದೊಂದು ದಾರದಲ್ಲಿ ಕಟ್ಟಿದಂತೆ ಓಡಿದವು. ದಿಬ್ಬದ ಮೇಲೆ ಅವಳು ಹಾರುತ್ತಿದ್ದಳು, ನಾನು ಹಾರುತ್ತಿದ್ದೆ. ನೇರ ದಾರಿಯಲ್ಲಿ ನಾನು ಹತ್ತಿರವಾಗುತ್ತಿದ್ದೆ, ತಿರುವು ಬಂತೋ ಮತ್ತೆ ಅವಳು ದೂರ. ನನ್ನ ಅಂಗೈ ಬೆವತು ರಿಮೋಟು ಜಾರುತ್ತಿತ್ತು. ಮೈಯೆಲ್ಲಾ ಕಣ್ಣಾಗಿದ್ದೆ.

"ಐದು ನಿಮಿಷ!" ಎಂದರು ಮೇಷ್ಟ್ರು.

ಇನ್ನು ತಡೆಯಲಾಗಲಿಲ್ಲ. ಆಚೆ ಬದಿಯ ಜೋಡಿ ದಿಬ್ಬದಲ್ಲಿ ಅವಳು ಹಾರಿದಾಗ ನಾನು ಒಳಬದಿಯಿಂದ ಪೂರ್ತಿ ವೇಗದಲ್ಲಿ ಹಾರಿದೆ. ಹಾರಬಾರದಿತ್ತು. ಇಳಿಯುವಾಗ ನನ್ನ ಮುಂದಿನ ಚಕ್ರ ಅವಳ ಹಿಂದಿನ ಚಕ್ರದ ಮೇಲೆ ಕೂತಿತು. ಎರಡೂ ಟ್ರಕ್ಕು ಅಪ್ಪಿಕೊಂಡು ಮೂರು ಪಲ್ಟಿ ಹೊಡೆದು ಕೆಂಪು ಧೂಳಿನೊಳಗೆ ಮಾಯವಾದವು.

"ನಿನ್ನ ಕಣ್ಣಿಗೇನಾಗಿತ್ತೇ!" ಎಂದು ಕಿರುಚಿದಳು ಅಕ್ಕ.

ತಪ್ಪು ನನ್ನದೇ. ಒಪ್ಪಿಕೊಳ್ಳುವಷ್ಟು ವ್ಯವಧಾನ ಇರಲಿಲ್ಲ.

ಮಗುಚಿದ ಗಾಡಿಯನ್ನು ಎತ್ತಿ ನಿಲ್ಲಿಸಲು ದಾರಿಯ ಪಕ್ಕ ಅಲ್ಲಲ್ಲಿ ಜನ ನಿಂತಿರುತ್ತಾರೆ. ಹಿಂದಿನ ರೇಸು ಓಡಿಸಿದವರೇ ಮುಂದಿನ ರೇಸಿಗೆ ಕಿತ್ತಳೆ ಅಂಗಿ ತೊಟ್ಟು ಕಾವಲು ನಿಲ್ಲಬೇಕು, ಅದು ಕ್ಲಬ್ಬಿನ ಕಟ್ಟುನಿಟ್ಟು. ಆ ದಿಬ್ಬದ ಹತ್ತಿರ ಇದ್ದವರು ಕ್ಲಬ್ಬಿನ ಇನ್ನೊಬ್ಬ ಸದಸ್ಯರು, ಬೇಕರಿಯವರು. ಓಡಿ ಬಂದು ಎರಡನ್ನೂ ಎರಡು ಕೈಯಲ್ಲಿ ಎತ್ತಿ ಪಟಪಟನೆ ನೆಲಕ್ಕಿಟ್ಟರು. ನಾನು ಟ್ರಿಗರ್ ಒತ್ತಿದೆ. ಟ್ರಕ್ಕು ಓಡಿತು. ಬಲಕ್ಕೆ ತಿರುಗಿಸಿದೆ. ಅದು ನೇರ ಹೋಗಿ ಪೈಪಿಗೆ ಗುದ್ದಿತು.

"ತಿರುಗ್ತಾನೇ ಇಲ್ಲ!" ಎಂದೆ.

"ನಂದಕ್ಕೆ ಹುಚ್ಚು ಹಿಡಿದಿದೆ!" ಎಂದಳು ಅಕ್ಕ.

ಬೇಕರಿಯವರು ಮತ್ತೆ ಎತ್ತಿಟ್ಟರು. ಮತ್ತೆ ಒಂದು ಎಡಕ್ಕೆ ಹೋಗಿ ಗುದ್ದಿತು, ಇನ್ನೊಂದು ನಿಂತಲ್ಲೇ ಗಿರಕಿ ಹೊಡೆಯಿತು. "ಏನ್ರಮ್ಮಾ, ನಿದ್ದೆ ಮಾಡ್ತಿದ್ದೀರಾ ಇಬ್ಬರೂ?" ಎಂದು ಅವರು ಕೆಳಗಿನಿಂದ ಕೂಗಿದರು. ಅಷ್ಟರಲ್ಲಿ ಗಡ್ಡನ ಹಸಿರು ಟ್ರಕ್ಕು ಸುಯ್ಯೆಂದು ಪಕ್ಕದಲ್ಲೇ ದಾಟಿಹೋಯಿತು. ನನ್ನ ಬಲಗಡೆ ಗಡ್ಡದೊಳಗಿನಿಂದ ಹಲ್ಲು ಕಂಡವು.

ಹೋಯಿತು, ಈ ವರ್ಷವೂ ಹೋಯಿತು ಅನ್ನಿಸಿ ನಾನು ಟ್ರಿಗರ್ ಬಿಟ್ಟುಬಿಟ್ಟೆ. ಟ್ರಕ್ಕು ನಿಲ್ಲಲಿಲ್ಲ. ನನ್ನ ಬೆರಳು ಟ್ರಿಗರಿನ ಮೇಲಿಲ್ಲ, ಆದರೂ ಅದು ಓಡುತ್ತಿದೆ!

"ಅಕ್ಕಾ, ಬ್ರೇಕ್ ಹಾಕು!"

ನಾನು ನೋಡುತ್ತಿದ್ದ ಟ್ರಕ್ಕು ಗಕ್ಕನೆ ನಿಂತಿತು.

"ಅಯ್ಯೋ, ನೀನು ನನ್ನ ಗಾಡಿ ನೋಡ್ತಿದ್ದೀಯ!" ಎಂದಳು ಅಕ್ಕ.

"ನೀನು ನಂದನ್ನ ನೋಡ್ತಿದ್ದೀಯ!"

ಈಗ ಯಾರಾದರೂ ಕೇಳಬಹುದು, ಕಣ್ಣು ಆಚೀಚೆ ಮಾಡಿಕೊಂಡಿದ್ದರೆ ಸಾಕಿತ್ತಲ್ಲ ಎಂದು. ಸಾಕಿತ್ತು. ಆದರೆ ಅವರು ನಮ್ಮಕ್ಕನ ಜೊತೆ ಒಂದೇ ಅಡುಗೆಮನೆಯಲ್ಲಿ ಹನ್ನೊಂದು ವರ್ಷ ಕಳೆದವರಲ್ಲ. ಬೆಳಗಿನ ಗಡಿಬಿಡಿಯಲ್ಲಿ ಎರಡು ಒಲೆಯ ಮುಂದೆ ಇಬ್ಬರೂ ನಿಂತಿರುವಾಗ ಅವಳದು ಒಂದೇ ಪಲ್ಲವಿ: "ಇದನ್ನ ಹಿಡ್ಕೊ, ಅದನ್ನ ಕೊಡು." ಯೋಚಿಸುವುದಕ್ಕೆ ಮುಂಚೆ ನನ್ನ ಸೌಟು ಅವಳ ಕೈಯಲ್ಲಿ, ಅವಳ ಬಾಣಲೆ ನನ್ನ ಕೈಯಲ್ಲಿ ಇರುತ್ತದೆ. ಆವತ್ತೂ ಅವಳ ಬಾಯಿಂದ ಅದೇ ಬಂತು.

"ಇದನ್ನ ಹಿಡ್ಕೊ, ಅದನ್ನ ಕೊಡು!"

ನನ್ನ ರಿಮೋಟು ಅವಳ ಕೈಗೆ ಹೋಯಿತು, ಅವಳದು ನನ್ನ ಕೈಗೆ ಬಂತು. ಕಣ್ಣುಗಳು ಇದ್ದಲ್ಲೇ ಇದ್ದವು. ಟ್ರಿಗರ್ ಒತ್ತಿದೆ, ಟ್ರಕ್ಕು ಓಡಿತು. ಬಲಕ್ಕೆ ತಿರುಗಿಸಿದೆ, ಬಲಕ್ಕೇ ತಿರುಗಿತು! ಆ ಸಂತೋಷ ಏನು ಹೇಳಲಿ. ನಾನು ಅಕ್ಕನ ಮೂರನೇ ನಂಬರು ಓಡಿಸುತ್ತಿದ್ದೇನೆ, ಅವಳು ನನ್ನ ಎಂಟನೇ ನಂಬರು ಓಡಿಸುತ್ತಿದ್ದಾಳೆ ಅನ್ನುವುದು ಆ ಕ್ಷಣಕ್ಕೆ ಇಬ್ಬರಿಗೂ ಮುಖ್ಯವಾಗಲಿಲ್ಲ.

ಎರಡು ಸುತ್ತು ಉಳಿದಿತ್ತು. ಗಡ್ಡ ಒಂದು ಇಡೀ ನೇರ ದಾರಿಯಷ್ಟು ಮುಂದೆ.

ಅರ್ಧ ಸುತ್ತು ಹೋಗುವಷ್ಟರಲ್ಲಿ ನನಗೆ ಗೊತ್ತಾಯಿತು. ಹುಟ್ಟಾ ಚೆನ್ನಾಗಿದೆ ಎಂದು ನಾಲ್ಕು ವರ್ಷ ಹೊಟ್ಟೆಕಿಚ್ಚುಪಟ್ಟ ಗಾಡಿ ಒಂದು ಹಳೇ ತಗಡು! ಎಡಕ್ಕೆ ಎಳೆಯುತ್ತದೆ, ಬ್ರೇಕು ಹಿಡಿಯುವುದಿಲ್ಲ, ಸ್ಟಿಯರಿಂಗ್ ತಿರುಗಿಸಿದರೆ ಅರ್ಧ ಗಳಿಗೆ ಬಿಟ್ಟು ತಿರುಗುತ್ತದೆ. ಇದನ್ನು ಇಟ್ಟುಕೊಂಡು ಇವಳು ಗೆಲ್ಲುತ್ತಿದ್ದಳೇ? ಪಕ್ಕದಲ್ಲಿ ಅಕ್ಕನೂ ಬಾಯಿ ಬಿಟ್ಟಿದ್ದಳು.

"ಏನೇ ಇದು! ಬೆಣ್ಣೆ ತರ ತಿರುಗುತ್ತೆ! ಇಂಥ ಗಾಡಿ ಇಟ್ಕೊಂಡು ಇಷ್ಟು ವರ್ಷ ಡಬ್ಬಾ ಡಬ್ಬಾ ಅಂತ ಅಳ್ತಿದ್ಯಲ್ಲೇ!"

ಹೊಗಳುತ್ತ ಹೊಗಳುತ್ತ ಅವಳು ತನ್ನ ಅಭ್ಯಾಸದಂತೆ ಬ್ರೇಕನ್ನು ಗಟ್ಟಿಯಾಗಿ ಒತ್ತಿದಳು. ನನ್ನ ಬ್ರೇಕು ಮುಟ್ಟಿದರೆ ಹಿಡಿಯುತ್ತದೆ. ಎಂಟನೇ ನಂಬರು ಮೂತಿ ಊರಿ ಮಗುಚಿ ಪೈಪಿನಾಚೆ ಹಾರಿಬಿತ್ತು. ಅವಳ ರೇಸು ಅಲ್ಲಿಗೆ ಮುಗಿಯಿತು. ಅವಳ ಬಾಯಿ ಮುಗಿಯಲಿಲ್ಲ.

"ತಿರುವಿಗೆ ಮುಂಚೆನೇ ಟ್ರಿಗರ್ ಬಿಡು. ಬ್ರೇಕ್ ಮುಟ್ಟಬೇಡ, ತಾನೇ ನಿಧಾನ ಆಗುತ್ತೆ. ಈಗ, ಈಗ ಬಿಡು!"

ನನಗೆ ಯಾರಾದರೂ ಹೀಗೆ ಮಾಡು ಹಾಗೆ ಮಾಡು ಅಂದರೆ ಮೈ ಉರಿಯುತ್ತದೆ. ಆದರೂ ಬಿಟ್ಟೆ. ಟ್ರಕ್ಕು ತಾನಾಗಿ ನಿಧಾನವಾಗಿ ತಿರುವಿನ ಒಳಅಂಚನ್ನು ಸವರಿಕೊಂಡು ಹೊರಟಿತು. ಗಡ್ಡ ನಾಲ್ಕು ಟ್ರಕ್ಕಿನಷ್ಟು ಹತ್ತಿರವಾದ.

"ದಿಬ್ಬದ ಮೇಲೆ ಅರ್ಧವೇ ಒತ್ತು. ಅರ್ಧ ಅಂದ್ರೆ ಅರ್ಧ!"

ಹಾರಲಿಲ್ಲ, ದಾಟಿದೆ ಅಷ್ಟೆ. ಗಡ್ಡ ಎರಡು ಟ್ರಕ್ಕಿನಷ್ಟು ಹತ್ತಿರ. ಅಟ್ಟದ ಕೆಳಗೆ ಜನ ಎದ್ದು ನಿಂತಿದ್ದರು. ಬೇಕರಿಯವರು ತಮ್ಮ ಕೆಲಸ ಮರೆತು ಕುಣಿಯುತ್ತಿದ್ದರು. ಕೊನೆಯ ಸುತ್ತಿನ ಕೊನೆಯ ದಿಬ್ಬ. ಗಡ್ಡ ಹಿಂದಿನ ಸಿಳ್ಳು ಕೇಳಿ ಗಾಬರಿಯಾಗಿ ಪೂರ್ತಿ ಒತ್ತಿದ. ಅವನ ಟ್ರಕ್ಕು ಎತ್ತರಕ್ಕೆ, ಬಹಳ ಎತ್ತರಕ್ಕೆ ಹಾರಿ ತಿರುವಿನ ಹೊರಅಂಚಿಗೆ ಹೋಗಿ ಇಳಿಯಿತು.

"ಈಗ ಒಳಗೆ ಹೋಗು!" ಎಂದಳು ಅಕ್ಕ. ಅವಳು ಹೇಳುವ ಮುಂಚೆಯೇ ನಾನು ಒಳಗಿದ್ದೆ.

ಗೆರೆ ದಾಟುವಾಗ ಎರಡು ಟ್ರಕ್ಕುಗಳ ನಡುವೆ ಇದ್ದದ್ದು ಒಂದು ಗೇಣು. ನಾನು ಹಾರಿದೆ, ಅಕ್ಕ ಹಾರಿದಳು, ಕಬ್ಬಿಣದ ಅಟ್ಟ ಗಡಗಡ ಅಂದಿತು. ಇಬ್ಬರೂ ತಬ್ಬಿಕೊಂಡು ಕಿರುಚಿದೆವು. ಮದುವೆಯಾಗಿ ಬಂದಾಗಿನಿಂದ ನಾವಿಬ್ಬರೂ ತಬ್ಬಿಕೊಂಡದ್ದು ಅದೇ ಮೊದಲು.

"ಬಿ ಫೈನಲ್ ಗೆದ್ದದ್ದು ಮೂರನೇ ನಂಬರು," ಎಂದರು ಮೇಷ್ಟ್ರು ಮೈಕಿನಲ್ಲಿ, "ದೊಡ್ಡವಳು!"

ನನ್ನ ಕೈ ಸಡಿಲವಾಯಿತು. ಪ್ರತಿ ಟ್ರಕ್ಕಿನ ಹೊಟ್ಟೆಯಲ್ಲೂ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಗೆರೆ ದಾಟಿದಾಗ ಅದು ಕಂಪ್ಯೂಟರಿಗೆ ತನ್ನ ಹೆಸರು ಹೇಳುತ್ತದೆ. ಅದಕ್ಕೆ ಗಾಡಿ ಗೊತ್ತು, ಓಡಿಸಿದ ಕೈ ಗೊತ್ತಿಲ್ಲ.

"ಅನ್ಯಾಯ!" ಎಂದು ಗಡ್ಡ ಕೂಗಿದ. "ರಿಮೋಟ್ ಅದಲು ಬದಲು ಮಾಡ್ಕೊಂಡಿದ್ದಾರೆ, ನಾನೇ ಕಣ್ಣಾರೆ ನೋಡ್ದೆ!"

ಮೇಷ್ಟ್ರು ನಿಯಮದ ಪುಸ್ತಕ ತೆಗೆದರು. ನಾಲ್ಕೇ ಹಾಳೆ. ಹಿಂದೆ ಮುಂದೆ ಎರಡು ಸಲ ಓದಿ ಕನ್ನಡಕ ತೆಗೆದರು.

"ಇಂಥದ್ದು ಮಾಡೋರೂ ಇರ್ತಾರೆ ಅಂತ ಬರೆದವನಿಗೆ ಹೇಗಪ್ಪ ಗೊತ್ತಾಗ್ಬೇಕು? ಬೇಡ ಅಂತ ಎಲ್ಲೂ ಇಲ್ಲ. ಮೂರನೇ ನಂಬರು ಎ ಫೈನಲಿಗೆ ಹೋಗುತ್ತೆ. ಅಲ್ಲಿ ಯಾರು ಓಡಿಸ್ತಾರೋ ಅವರ ಹೆಸರು ಹಲಗೆಗೆ. ಒಬ್ಬರು ಓಡಿಸಿ, ಒಬ್ಬರು ಕಿತ್ತಳೆ ಅಂಗಿ ಹಾಕ್ಕೊಂಡು ಕಾವಲಿಗೆ ಹೋಗಿ. ಯಾರು ಅಂತ ನೀವೇ ತೀರ್ಮಾನ ಮಾಡ್ಕೊಳ್ಳಿ. ಹತ್ತು ನಿಮಿಷ."

ನಾನೇ ಓಡಿಸಿದ್ದು, ನಾನೇ ಗೆದ್ದದ್ದು ಎಂದು ಗಂಟಲು ಹರಿಯುವಂತೆ ಕೂಗಬೇಕು ಅನ್ನಿಸುತ್ತಿತ್ತು. ಆದರೆ ಗಾಡಿ ಅವಳದು. ಐದು ನಿಮಿಷ ಅದನ್ನು ಎಲ್ಲರಿಗಿಂತ ಮುಂದೆ ಇಟ್ಟವಳು ಅವಳು. ಗುದ್ದಿದವಳು ನಾನು. ಇಷ್ಟೆಲ್ಲ ಗೊತ್ತಿದ್ದರೂ ಆಸೆ ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

"ಅತ್ತೇನ ಕೇಳಿ" ಎಂದಳು ಅಕ್ಕ ಕೊನೆಗೆ.

ಮುಗಿಯಿತು ನನ್ನ ಕಥೆ ಎಂದುಕೊಂಡೆ. ಅತ್ತೆ ಏನು ಹೇಳುತ್ತಾರೆಂದು ನನಗೆ ಗೊತ್ತು. ಅವರು ಹೇಳಿದ್ದೂ ಅದನ್ನೇ.

"ಮೂರು ನಿಮಿಷ ದೊಡ್ಡವಳು, ಮೂರು ನಿಮಿಷ ಚಿಕ್ಕವಳು."

"ಆಗಲ್ಲಮ್ಮ. ಹಲಗೆ ಮೇಲೆ ಒಂದೇ ಸಾಲು ಉಳಿದಿರೋದು" ಎಂದರು ಮೇಷ್ಟ್ರು.

ಅತ್ತೆ ಎರಡು ಫ್ಲಾಸ್ಕುಗಳನ್ನೂ ಕುರ್ಚಿಯ ಮೇಲಿಟ್ಟು ಎದ್ದು ನಿಂತರು. ಸೆರಗಿನ ತುದಿ ಬೆರಳಿಗೆ ಸುತ್ತಿದರು, ಬಿಚ್ಚಿದರು.

"ಚಿಕ್ಕವಳು ಓಡಿಸ್ಲಿ" ಎಂದರು.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಬಾಯಿಂದ ಬರಬಾರದ್ದು ಬಂದುಬಿಟ್ಟಿತು. "ಅತ್ತೆ, ಐದು ನಿಮಿಷ ಅದನ್ನ ಓಡಿಸಿದ್ದು ಅಕ್ಕ. ನಾನೇ ಗುದ್ದಿದ್ದು."

"ನೋಡ್ದೆ. ಗಾಡಿ ಯಾವ್ದು ಯಾರ್ದು ಅಂತ ಬಣ್ಣ ಹಚ್ಚಿದ ನನಗೇ ಗೊತ್ತಾಗಲ್ಲ. ಅದಕ್ಕೆ ನಾನು ಯಾವತ್ತೂ ಗಾಡಿ ನೋಡೋದೇ ಇಲ್ಲ. ನಿಮ್ಮಿಬ್ಬರ ಮುಖ ನೋಡ್ಕೊಂಡು ಕೂತಿರ್ತೀನಿ." ಅತ್ತೆ ಅಕ್ಕನ ಕಡೆ ತಿರುಗಿದರು. "ನಿಂದು ಎರಡು ಸಲ ಬರೆದಿದೀನಿ, ದೊಡ್ಡವಳೇ. ಆ ಎರಡು ಸಲವೂ ಇವಳ ಮುಖ ನೋಡಿದೀನಿ. ಇದು ಇವಳ್ದು."

ಅಕ್ಕನ ಮುಖ ಒಂದು ಗಳಿಗೆ ಸಣ್ಣದಾಯಿತು. ಅವಳಿಗೂ ಬೇಕಾಗಿತ್ತು, ಅದು ಚೆನ್ನಾಗಿಯೇ ಕಂಡಿತು. ಆಮೇಲೆ ಬೇಕರಿಯವರ ಮೈಮೇಲಿಂದ ಕಿತ್ತಳೆ ಅಂಗಿ ಕಿತ್ತುಕೊಂಡು ತಲೆಯ ಮೇಲಿಂದ ಇಳಿಸಿದಳು.

"ಏನು ಬಾಯಿ ಬಿಟ್ಕೊಂಡು ನಿಂತಿದ್ದೀಯ? ಹತ್ತು ನಿಮಿಷ ಇದೆ. ಆ ತಗಡಿನ ಹೊಟ್ಟೆ ಬಿಚ್ಚಿ ಏನಾದ್ರೂ ಮಾಡು!"

ಬಿಚ್ಚಿದೆ. ಒಳಗೆ ಅರ್ಧ ಟ್ರ್ಯಾಕಿನ ಮಣ್ಣು ಇತ್ತು. ಸ್ಟಿಯರಿಂಗಿನ ಕಡ್ಡಿಯ ಸ್ಕ್ರೂ ನನ್ನ ಉಗುರಿಗೇ ತಿರುಗುವಷ್ಟು ಸಡಿಲ. ಬಾಯಿಗೆ ಬಂದಂತೆ ಬೈಯುತ್ತ ಬಿಗಿ ಮಾಡಿದೆ, ಬ್ರೇಕು ಸರಿ ಮಾಡಿದೆ, ಬ್ಯಾಟರಿ ಬದಲಾಯಿಸಿದೆ. ಅಕ್ಕ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಟೂತ್‌ಬ್ರಷ್ಷಿನಿಂದ ಮಣ್ಣು ಕೆರೆಯುತ್ತಿದ್ದಳು. ಕೇಳುವ ಮುಂಚೆಯೇ ಸ್ಪ್ಯಾನರು ನನ್ನ ಕೈಗೆ ಬರುತ್ತಿತ್ತು.

ಎ ಫೈನಲ್. ಹತ್ತು ಮಂದಿಯಲ್ಲಿ ನಾನು ಹತ್ತನೆಯ ಜಾಗದಿಂದ ಹೊರಟೆ. ಮೊದಲ ಸುತ್ತಿನಲ್ಲಿ ಒಬ್ಬರನ್ನು ದಾಟಿದೆ, ಎರಡನೆಯದರಲ್ಲಿ ಇನ್ನೊಬ್ಬರನ್ನು. ಮೂರನೆಯದರಲ್ಲಿ ಖುಷಿ ತಲೆಗೇರಿ ಜೋಡಿ ದಿಬ್ಬವನ್ನು ಒಂದೇ ನೆಗೆತಕ್ಕೆ ಹಾರಿದೆ, ಟ್ರಕ್ಕು ಬೆನ್ನ ಮೇಲೆ ಬಿತ್ತು. ಆ ದಿಬ್ಬದ ಹತ್ತಿರ ಕಾವಲಿದ್ದವಳು ಅಕ್ಕ. ಧೂಳು ಅಡಗುವ ಮುಂಚೆ ಟ್ರಕ್ಕು ಚಕ್ರದ ಮೇಲೆ ನಿಂತಿತ್ತು.

"ಅರ್ಧ ಅಂದ್ರೆ ಅರ್ಧ ಅಂತ ಹೇಳಿರ್ಲಿಲ್ವೇನೇ!" ಎಂಬ ಅವಳ ಕಿರುಚಾಟ ಹತ್ತು ಮೋಟರುಗಳ ಸಿಳ್ಳನ್ನೂ ಮೀರಿ ಕೇಳಿಸಿತು. ಅಟ್ಟದ ಮೇಲಿದ್ದವರೆಲ್ಲ ನಕ್ಕರು. ನಾನೂ ನಗುತ್ತಲೇ ಓಡಿಸಿದೆ. ಎಂಟನೆಯವಳಾಗಿ ಮುಗಿಸಿದೆ. ಹತ್ತರಲ್ಲಿ ಎಂಟು! ಪ್ರಪಂಚವನ್ನೇ ಗೆದ್ದವರಿಗೂ ಅಷ್ಟು ಖುಷಿ ಆಗಿರಲಾರದು.

ಸಂಜೆಯ ಬಿಸಿಲಿನಲ್ಲಿ ಎಲ್ಲರೂ ಶೆಡ್ಡಿನಲ್ಲಿ ಸೇರಿದರು. ಅತ್ತೆ ಸ್ಟೂಲು ಹತ್ತಿ ಒಂಬತ್ತು ಹೆಸರು ಬರೆದು ಮುಗಿಸಿದ್ದರು, ಎಲ್ಲವೂ ಬಿಳಿ. ಹತ್ತನೆಯ ಸಾಲಿಗೆ ಬಂದಾಗ ಕುಂಚವನ್ನು ಸೀಮೆಎಣ್ಣೆಯಲ್ಲಿ ಅದ್ದಿ ಬಟ್ಟೆಗೆ ಒರೆಸಿದರು. ಚೀಲದಿಂದ ಬಣ್ಣದ ಪುಟ್ಟ ಡಬ್ಬಿಗಳನ್ನು ತೆಗೆದು ಸಾಲಾಗಿ ಕಿಟಕಿಯ ಕಟ್ಟೆಯ ಮೇಲಿಟ್ಟರು.

"ಚಿಕ್ಕವಳೇ, ನಿನಗೆ ಯಾವ ಬಣ್ಣ ಬೇಕು?"

ಹನ್ನೊಂದು ವರ್ಷದಲ್ಲಿ ಆ ಮನೆಯಲ್ಲಿ ನನ್ನನ್ನು ಯಾರೂ ಕೇಳದ ಪ್ರಶ್ನೆ ಅದು. ನಾಚಿಕೆಗೆಟ್ಟು ಕಣ್ಣು ತುಂಬಿಕೊಂಡಿತು. ಡಬ್ಬಿಗಳು ಸರಿಯಾಗಿ ಕಾಣಿಸಲಿಲ್ಲ, ಒಂದರ ಮೇಲೆ ಬೆರಳಿಟ್ಟೆ.

"ಕೆಂಪು" ಎಂದೆ.

ಅಕ್ಕ ಇನ್ನೂ ಕಿತ್ತಳೆ ಅಂಗಿಯಲ್ಲೇ ಇದ್ದಳು. "ಅತ್ತೆ, ಮುಂದಿನ ವರ್ಷ ನನಗೂ ಅದೇ" ಎಂದಳು.

ನನ್ನ ಮೈಯೆಲ್ಲಾ ಉರಿದುಹೋಯಿತು. ತಿರುಗಿ ನೋಡಿದರೆ ಅವಳು ತುಟಿ ಕಚ್ಚಿ ನಗು ತಡೆದುಕೊಂಡಿದ್ದಳು.

"ಅದನ್ನ ಮುಂದಿನ ವರ್ಷ ನೋಡೋಣ" ಎಂದರು ಅತ್ತೆ, ಮತ್ತು ಕುಂಚವನ್ನು ಕೆಂಪು ಡಬ್ಬಿಯಲ್ಲಿ ಅದ್ದಿದರು.